ದಾದಾಭಾಯಿ ಮತ್ತು ಹುಡುಗಿಯರ ಶಾಲೆ

ಸಿಎಸ್‌ಎಂಟಿಯಲ್ಲಿ ಲೋಕಲ್ ಇಳಿದು ಫೋರ್ಟ್ ಕಡೆಗೆ ಹೋಗುವ ನಮ್ಮಲ್ಲಿ ಹಲವರಿಗೆ ಡಿ. ಎನ್. ರೋಡ್ ದಿನನಿತ್ಯದ ದಾರಿ. ಆ ದಾರಿಗೆ ಹೆಸರು ಕೊಟ್ಟವರು, ಫ್ಲೋರಾ ಫೌಂಟನ್ ಬಳಿ ವಿಗ್ರಹವಾಗಿ ಕುಳಿತಿರುವ ಗಡ್ಡದ ಅಜ್ಜ ದಾದಾಭಾಯಿ ನವರೋಜಿ. ಅವರು ಬ್ರಿಟಿಷ್ ಪಾರ್ಲಿಮೆಂಟಿಗೆ ಆರಿಸಿ ಬಂದದ್ದನ್ನು ಶಾಲೆಯಲ್ಲಿ ಓದಿದ್ದೇವೆ. ನಾನು ಹೇಳಹೊರಟದ್ದು ಅದಕ್ಕೂ ನಲವತ್ತು ವರ್ಷ ಹಿಂದಿನ ಮಾತು.

1825ರ ಸೆಪ್ಟೆಂಬರ್ 4ರಂದು ಬಡ ಪಾರ್ಸಿ ಕುಟುಂಬದಲ್ಲಿ ಹುಟ್ಟಿದ ಅವರು ನಾಲ್ಕು ವರ್ಷದವರಿರುವಾಗಲೇ ತಂದೆಯನ್ನು ಕಳೆದುಕೊಂಡರು. ತಾಯಿ ಮಾಣಿಕ್‌ಬಾಯಿಗೆ ಅಕ್ಷರ ಬರುತ್ತಿರಲಿಲ್ಲ. ಮರುಮದುವೆಯ ಯೋಚನೆ ಬಿಟ್ಟು ಒಬ್ಬನೇ ಮಗನನ್ನು ಬೆಳೆಸಿದರು. ಫೀಸಿಲ್ಲದ ಶಾಲೆ ಇದ್ದುದರಿಂದ ಮಗನ ಓದು ಸಾಗಿತು. ಜನರ ದುಡ್ಡಿನಿಂದ ಕಲಿತವನು ಜನರ ಸಾಲಗಾರ ಎಂಬ ಭಾವನೆ ಅವರಲ್ಲಿ ಗಟ್ಟಿಯಾದದ್ದು ಹೀಗೆ. ಹನ್ನೊಂದನೆಯ ವಯಸ್ಸಿಗೇ ಮದುವೆ. ಹುಡುಗಿ ಗುಲ್ಬಾಯಿಗೆ ಏಳು ವರ್ಷ.

ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ಕಲಿತು ಅಲ್ಲೇ ಕಲಿಸತೊಡಗಿದ ದಾದಾಭಾಯಿ ಮತ್ತು ಅವರ ಗೆಳೆಯರು 1848ರಲ್ಲಿ ಪ್ರೊಫೆಸರ್ ಪ್ಯಾಟನ್ ಅವರ ಬೆಂಬಲದಿಂದ ಒಂದು ಸಂಘ ಕಟ್ಟಿದರು. ಅದರ ಹೆಸರು ಸ್ಟೂಡೆಂಟ್ಸ್ ಲಿಟರರಿ ಅಂಡ್ ಸೈಂಟಿಫಿಕ್ ಸೊಸೈಟಿ. ಒಬ್ಬರು ಪ್ರಬಂಧ ಓದುವುದು, ಉಳಿದವರು ಚರ್ಚೆ ಮಾಡುವುದು. ಮರಾಠಿಗರಿಗೂ ಗುಜರಾತಿಗಳಿಗೂ ಅವರವರ ಭಾಷೆಯಲ್ಲಿ ಜ್ಞಾನ ಪ್ರಸಾರಕ ಶಾಖೆಗಳು ಹುಟ್ಟಿಕೊಂಡವು. ಕಾಲೇಜು ಹುಡುಗರ ಸಂಘ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ, ಪರೀಕ್ಷೆ ಮುಗಿದರೆ ಸಂಘವೂ ಮುಗಿಯಿತು. ಇವರದು ಹಾಗಾಗಲಿಲ್ಲ.

ಹೆಣ್ಣುಮಕ್ಕಳ ವಿದ್ಯೆಯ ಚರ್ಚೆ ಎದ್ದಾಗ, ಮಾತು ಸಾಕು, ನಾವೇ ಕಲಿಸೋಣ ಎಂದು ಹೊರಟರು. (ಆ ಸಭೆಯಲ್ಲಿ ಹೆಣ್ಣೊಬ್ಬಳೂ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ!) ಮನೆಮನೆಯ ಮೆಟ್ಟಿಲು ಹತ್ತಿ, ನಿಮ್ಮ ಜಗಲಿಯಲ್ಲೇ ಕೂತು ಮಗಳಿಗೆ ಅಕ್ಷರ ಹೇಳಿಕೊಡುತ್ತೇವೆ ಎಂದು ಬೇಡಿಕೊಂಡರು. ಕೆಲವರು ಒಪ್ಪಿದರು. ಕೆಲವು ತಂದೆಯರು ಮೆಟ್ಟಿಲಿಂದ ಕೆಳಗೆ ತಳ್ಳುತ್ತೇವೆಂದು ಗದರಿದರು. ಓದಿದ ಹುಡುಗಿ ಗಂಡನ ಮಾತು ಕೇಳುವುದಿಲ್ಲ ಎಂಬ ಹೆದರಿಕೆ.

1849ರಲ್ಲಿ ಶಾಲೆಗಳು ಶುರುವಾದವು. ಮೊದಲಿಗೆ ಬಂದವರು 44 ಪಾರ್ಸಿ ಹುಡುಗಿಯರು, 24 ಹಿಂದೂ ಹುಡುಗಿಯರು. ಸಂಬಳವಿಲ್ಲ. ಸದಸ್ಯರು ಬೆಳಗ್ಗೆ ಇಲ್ಲಿ ಪಾಠ ಹೇಳಿ ಆಮೇಲೆ ತಮ್ಮ ಕೆಲಸಕ್ಕೆ ಓಡುತ್ತಿದ್ದರು. ಹಗಲಿಡೀ ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಗೆ ಹೋದ ನಮ್ಮ ಹಿರಿಯರನ್ನು ಕಂಡವರಿಗೆ ಈ ಓಟ ಎಂಥದ್ದೆಂದು ಬೇರೆ ಹೇಳಬೇಕಿಲ್ಲ. ಕೆಲಸ ನೋಡಿ ಹಣವೂ ಬಂತು. ಕಾಮಾ ಮನೆತನದವರು ನೆರವಾದರು, ಜಗನ್ನಾಥ ಶಂಕರಶೇಠ್ ಗಿರ್‌ಗಾಂವ್‌ನಲ್ಲಿ ಜಾಗ ಕೊಟ್ಟರು. ಬಂಧುಗಳ ವಿರೋಧದ ನಡುವೆ ಮಗನ ಬೆನ್ನಿಗೆ ನಿಂತವರು ಓದು ಬಾರದ ಮಾಣಿಕ್‌ಬಾಯಿ. ನನ್ನ ಮಟ್ಟಿಗೆ ಈ ಕತೆಯ ನಿಜವಾದ ನಾಯಕಿ ಆಕೆಯೇ.

ಮುಂದಿನದು ಎಲ್ಲರಿಗೂ ಗೊತ್ತಿರುವುದೇ. 1851ರಲ್ಲಿ ರಾಸ್ತ್ ಗೋಫ್ತಾರ್ ಪತ್ರಿಕೆ, ಎಲ್ಫಿನ್‌ಸ್ಟನ್‌ನಲ್ಲಿ ಗಣಿತದ ಪ್ರೊಫೆಸರ್ ಆದ ಮೊದಲ ಭಾರತೀಯನೆಂಬ ಗೌರವ, 1855ರಲ್ಲಿ ಲಂಡನ್ ಪಯಣ, 1892ರಲ್ಲಿ ಬೆರಳೆಣಿಕೆಯ ಮತಗಳ ಅಂತರದಲ್ಲಿ ಪಾರ್ಲಿಮೆಂಟ್. ಅಲ್ಲಿಯೂ ಹೆಂಗಸರಿಗೆ ಮತದಾನದ ಹಕ್ಕು ಬೇಕೆನ್ನುವವರ ಪಕ್ಷದಲ್ಲೇ ಇದ್ದರು. ಮೂರು ಸಲ ಕಾಂಗ್ರೆಸ್ ಅಧ್ಯಕ್ಷರಾಗಿ, ಕೊನೆಗೆ ವರ್ಸೋವಾದ ಕಡಲತೀರದ ಮನೆಗೆ ಮರಳಿದರು.

1917ರ ಜೂನ್ 30ರಂದು ಅವರು ತೀರಿಕೊಂಡರು. ಮೊಮ್ಮಕ್ಕಳಾದ ಪೆರಿನ್, ಗೋಶಿ, ಖುರ್ಶಿದ್ ಮೂವರೂ ಗಾಂಧೀಜಿಯವರ ಚಳವಳಿಗೆ ಇಳಿದರು. ಪೆರಿನ್ ಮತ್ತು ಖುರ್ಶಿದ್ ಜೈಲಿಗೂ ಹೋಗಿ ಬಂದರು.