ವಿಧಾನಸೌಧಕ್ಕೆ ಕಲ್ಲು ಹೊತ್ತ ಕೈದಿಗಳು. ಜೈಲಿನಿಂದ ಕರೆದು ಕೆಲಸ ಕೊಟ್ಟ ಕೆಂಗಲ್ ಹನುಮಂತಯ್ಯ

ರಾಮನಗರ: ಬೆಂಗಳೂರು-ಮೈಸೂರು ಹಳೇ ಹೆದ್ದಾರಿಯಲ್ಲಿ ರಾಮನಗರ ದಾಟಿ ಚನ್ನಪಟ್ಟಣದ ಕಡೆ ಹೋದ್ರೆ ಕೆಂಗಲ್ ಸಿಗುತ್ತೆ. ಬಸ್ಸಿನಲ್ಲಿ ಕೂತವರು ಕೂತಲ್ಲೇ ಆಂಜನೇಯನಿಗೆ ಕೈ ಮುಗಿಯುತ್ತಾರೆ. ಆ ಜಾಗದ ಹೆಸರನ್ನೇ ತಮ್ಮ ಹೆಸರಿನ ಮುಂದೆ ಇಟ್ಟುಕೊಂಡವರು ಕೆಂಗಲ್ ಹನುಮಂತಯ್ಯ. ವಿಧಾನಸೌಧ ಕಟ್ಟಿಸಿದವರು ಅಂತ ಶಾಲೆ ಮಕ್ಕಳಿಗೂ ಗೊತ್ತು. ಆದರೆ ಆ ಸೌಧಕ್ಕೆ ಕಲ್ಲು, ಮಣ್ಣು ಹೊತ್ತವರಲ್ಲಿ ಬಹಳಷ್ಟು ಮಂದಿ ಜೈಲಿನ ಕೈದಿಗಳು ಅನ್ನೋದು ಅವರ ಸ್ವಂತ ತಾಲ್ಲೂಕಿನಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ.

ಜೈಲು ಕಂಡಿದ್ದ ವಕೀಲರು

ಹನುಮಂತಯ್ಯ ಹುಟ್ಟಿದ್ದು 1908ರ ಫೆಬ್ರವರಿಯಲ್ಲಿ, ರಾಮನಗರದ ಹತ್ತಿರದ ಲಕ್ಕಪ್ಪನಹಳ್ಳಿಯಲ್ಲಿ. ಒಕ್ಕಲುತನದ ಮನೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಬಿಎ ಮುಗಿಸಿ, ಪುಣೆಗೆ ಹೋಗಿ ಕಾನೂನು ಓದಿದರು. 1930ರ ದಶಕದಲ್ಲಿ ಬೆಂಗಳೂರಿಗೆ ಬಂದು ವಕೀಲಿಕೆ ಶುರು ಮಾಡಿದರು. ಅದು ಸ್ವಾತಂತ್ರ್ಯ ಚಳವಳಿಯ ಕಾಲ. ಕರಿಕೋಟು ಹಾಕಿಕೊಂಡು ಸುಮ್ಮನೆ ಸಂಪಾದನೆ ಮಾಡಿಕೊಂಡು ಇರಬಹುದಿತ್ತು, ಇರಲಿಲ್ಲ. ಕಾಂಗ್ರೆಸ್ ಸೇರಿದರು, ಹಲವು ಸಲ ಜೈಲಿಗೂ ಹೋದರು.

ಹಾಗಾಗಿ ಜೈಲು ಅನ್ನೋದು ಅವರಿಗೆ ಫೈಲಿನಲ್ಲಿ ಓದಿದ ವಿಷಯ ಆಗಿರಲಿಲ್ಲ. ಕೋರ್ಟಿನ ಕಡೆಯಿಂದಲೂ ಕಂಡಿದ್ದರು, ಸರಳಿನ ಒಳಗಿನಿಂದಲೂ ಕಂಡಿದ್ದರು. ಮುಂದೆ ಸಂವಿಧಾನ ರಚನಾ ಸಭೆಯ ಸದಸ್ಯರೂ ಆದರು. 1952ರ ಮಾರ್ಚ್ 30ರಂದು ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. ರಾಜ್ಯದ ಜೈಲುಗಳೂ ಅವರ ಸರ್ಕಾರದ ಕೈಗೇ ಬಂದವು.

ಕಲ್ಲಿನ ಕನಸು

ವಿಧಾನಸೌಧಕ್ಕೆ ಅಡಿಗಲ್ಲು ಬಿದ್ದಿದ್ದು ಅವರು ಮುಖ್ಯಮಂತ್ರಿ ಆಗೋದಕ್ಕೂ ಮೊದಲು. ಕೆ.ಸಿ. ರೆಡ್ಡಿಯವರ ಕಾಲದಲ್ಲಿ, 1951ರ ಜುಲೈ 13ರಂದು ನೆಹರೂ ಬಂದು ಅಡಿಗಲ್ಲು ಹಾಕಿದ್ದರು. ಆಗಿನ ಪ್ಲಾನು ಸಾದಾ ಕಟ್ಟಡದ್ದು. ಅದೇ ಹೊತ್ತಿಗೆ ರಷ್ಯಾದಿಂದ ಬಂದ ತಂಡವೊಂದಕ್ಕೆ ಹನುಮಂತಯ್ಯ ಬೆಂಗಳೂರು ತೋರಿಸುತ್ತಿದ್ದರಂತೆ. ಇಲ್ಲಿ ಎಲ್ಲಾ ಯುರೋಪಿನ ಥರದ ಕಟ್ಟಡಗಳೇ ಇವೆಯಲ್ಲ, ನಿಮ್ಮದು ಅನ್ನೋದು ಯಾವುದು ಅಂತ ಅವರು ಕೇಳಿದ್ದು ಮನಸ್ಸಿಗೆ ನಾಟಿತು ಅಂತ ಹನುಮಂತಯ್ಯನವರೇ ಹೇಳಿಕೊಂಡಿದ್ದಾರೆ. ಪ್ಲಾನು ಬದಲಾಯಿತು. ಇಂಜಿನಿಯರ್ ಬಿ.ಆರ್. ಮಾಣಿಕ್ಯಂ ಅವರ ನೇತೃತ್ವದಲ್ಲಿ 700 ಅಡಿ ಉದ್ದ, 350 ಅಡಿ ಅಗಲದ ಕಲ್ಲಿನ ಸೌಧ ಮೇಲೇಳತೊಡಗಿತು. ಅಲಂಕಾರಕ್ಕೆ ಮಾಗಡಿಯ ಗುಲಾಬಿ ಬಣ್ಣದ ಕಲ್ಲು, ತುರುವೇಕೆರೆಯ ಕಪ್ಪು ಕಲ್ಲು ಬಂತು.

ಕಲ್ಲು ಸಿಕ್ಕಿತು, ಆದರೆ ಹೊರೋದಕ್ಕೆ ಕೈ ಬೇಕಲ್ಲ? ಕೆತ್ತನೆ ಕೆಲಸದವರು, ಗಾರೆಯವರು, ಬಡಗಿಗಳು ಅಂತ ಸುಮಾರು 1,500 ಮಂದಿ ಕಸಬುದಾರರಿದ್ದರು. ಅವರ ಜೊತೆಗೆ 5,000ಕ್ಕೂ ಹೆಚ್ಚು ಕೂಲಿಯಾಳುಗಳು. ಆ ಕೂಲಿಯಾಳುಗಳ ಸಾಲಿನಲ್ಲಿ ದೊಡ್ಡ ಸಂಖ್ಯೆಯಲ್ಲಿ ಇದ್ದವರೇ ಶಿಕ್ಷೆಗೆ ಒಳಗಾಗಿದ್ದ ಕೈದಿಗಳು. ಆಗ ಬೆಂಗಳೂರಿನ ಸೆಂಟ್ರಲ್ ಜೈಲು ಇದ್ದದ್ದು ಈಗಿನ ಫ್ರೀಡಂ ಪಾರ್ಕ್ ಜಾಗದಲ್ಲಿ. ವಿಧಾನಸೌಧಕ್ಕೆ ಅದೇನೂ ದೂರವಲ್ಲ, ನಡೆದೇ ಹೋಗಬಹುದು.

ಸೌಧದ ಕೆಲಸ ಮುಗಿದ ಮೇಲೆ ಆ ಕೈದಿಗಳನ್ನು ಬಿಡುಗಡೆ ಮಾಡಲಾಯಿತು. ಕಾನೂನು ಮುರಿದು ಒಳಗೆ ಹೋದವರು, ಕಾನೂನು ಮಾಡುವ ಮನೆಯನ್ನೇ ಕಟ್ಟಿ ಹೊರಗೆ ಬಂದರು.

ಎರಡು ಮಾತು ಇದ್ದೇ ಇದೆ

ಇದನ್ನ ಬರೀ ಹೊಗಳಿ ಬಿಟ್ಟರೆ ತಪ್ಪಾಗುತ್ತೆ. ಕೈದಿ ಅಂದರೆ ಬೇಡ ಅನ್ನೋ ಸ್ವಾತಂತ್ರ್ಯ ಇಲ್ಲದವನು. ಅವನ ಕೈಲಿ ಸರ್ಕಾರಿ ಕಟ್ಟಡ ಕಟ್ಟಿಸೋದು ಸುಧಾರಣೆಯಾ, ಇಲ್ಲ ಅಗ್ಗದ ಕೂಲಿಯಾ ಅನ್ನೋ ಪ್ರಶ್ನೆ ಇದ್ದೇ ಇರುತ್ತೆ. ಹನುಮಂತಯ್ಯನವರು ಸದಸ್ಯರಾಗಿದ್ದ ಸಭೆಯೇ ರೂಪಿಸಿದ ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸುತ್ತೆ. ಕಠಿಣ ಶಿಕ್ಷೆ ಆದವರ ಕೈಲಿ ಕೆಲಸ ಮಾಡಿಸಬಹುದು, ಆದರೆ ನ್ಯಾಯವಾದ ಕೂಲಿ ಕೊಡಲೇಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1998ರಲ್ಲಿ. ವಿಧಾನಸೌಧ ಎದ್ದು ನಿಂತು ಆಗಲೇ ನಲವತ್ತು ವರ್ಷ ದಾಟಿತ್ತು.

ಆದರೂ ಒಂದು ವ್ಯತ್ಯಾಸ ಗಮನಿಸಬೇಕು. ಆ ಕೆಲಸದ ಕೊನೆಯಲ್ಲಿ ಬಾಗಿಲು ತೆರೆಯಿತು. ಕೆಲಸ ಮೊದಲು, ಬಿಡುಗಡೆ ಆಮೇಲೆ. ನಾಲ್ಕು ಗೋಡೆ ಮಧ್ಯೆ ದಿನ ಎಣಿಸಿ ಬರಿಗೈಲಿ ಹೊರಗೆ ಬರೋದಕ್ಕೂ, ಕೈಗೆ ಕೆಲಸ ಹತ್ತಿಸಿಕೊಂಡು ಬರೋದಕ್ಕೂ ವ್ಯತ್ಯಾಸ ಇದೆ.

ಕಟ್ಟಿಸಿದವರಿಗೆ ಕುರ್ಚಿ ಸಿಗಲಿಲ್ಲ

ವಿಧಾನಸೌಧದ ಖರ್ಚು ಒಂದೂ ಮುಕ್ಕಾಲು ಕೋಟಿ ರೂಪಾಯಿ ದಾಟಿತು. ಆ ಕಾಲಕ್ಕೆ ಅದು ಭಾರಿ ದುಡ್ಡು. ದುಂದುವೆಚ್ಚ ಅಂತ ಟೀಕೆ ಬಂತು. ಜೊತೆಗೆ ಕರ್ನಾಟಕ ಏಕೀಕರಣಕ್ಕೆ ಬೆಂಬಲ ಕೊಟ್ಟಿದ್ದಕ್ಕೆ ಹಳೇ ಮೈಸೂರಿನ ಸ್ವಂತ ಪಕ್ಷದವರಲ್ಲೇ ಹಲವರು ಮುನಿಸಿಕೊಂಡರು. ಕೊನೆಗೆ 1956ರ ಆಗಸ್ಟ್‌ನಲ್ಲಿ ಅಧಿಕಾರ ಬಿಡಬೇಕಾಯಿತು. ಏಕೀಕರಣಕ್ಕೆ ಎರಡೂವರೆ ತಿಂಗಳಷ್ಟೇ ಬಾಕಿ ಇತ್ತು. ತಾವೇ ಕಟ್ಟಿಸಿದ ಸೌಧದಲ್ಲಿ ಮುಖ್ಯಮಂತ್ರಿಯಾಗಿ ಕೂರುವ ಯೋಗ ಅವರಿಗೆ ಬರಲಿಲ್ಲ.

ಆಮೇಲೆ ಲೋಕಸಭೆಗೆ ಹೋದರು, ಕೇಂದ್ರದಲ್ಲಿ ರೈಲ್ವೆ ಮಂತ್ರಿಯಾದರು, ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರೂ ಆಗಿದ್ದರು. 1980ರ ಡಿಸೆಂಬರ್ 1ರಂದು ತೀರಿಕೊಂಡರು.

ಇವತ್ತಿನ ಲೆಕ್ಕ

ರಾಮನಗರದಲ್ಲೂ ಜೈಲಿದೆ. ಅಲ್ಲಿಂದ ಹೊರಗೆ ಬರುವವನು ಕೊನೆಗೆ ಬಂದು ನಿಲ್ಲೋದು ಇಲ್ಲಿನ ಬಾಗಿಲುಗಳ ಮುಂದೆಯೇ: ರಾಮನಗರದ ರೇಷ್ಮೆ ರೀಲಿಂಗ್ ಘಟಕ, ಚನ್ನಪಟ್ಟಣದ ಗೊಂಬೆ ಕಾರ್ಖಾನೆ, ಕನಕಪುರದ ಕಲ್ಲು ಕೆಲಸ, ಮಾಗಡಿಯ ಹೋಟೆಲ್ಲು. ಒಳಗೆ ಇದ್ದು ಬಂದೋನು ಅಂತ ಗೊತ್ತಾದ ತಕ್ಷಣ ಕೆಲಸ ಖಾಲಿ ಇಲ್ಲ ಅನ್ನೋ ಉತ್ತರ ಬರುತ್ತೆ. ಅಂಗಡಿಯವರ ಹೆದರಿಕೆಯೂ ಸುಳ್ಳಲ್ಲ. ಗಲ್ಲಾಪೆಟ್ಟಿಗೆ ಅವರದ್ದು, ನಷ್ಟ ಆದರೆ ಅದೂ ಅವರದ್ದೇ. ಆದರೆ ಎಲ್ಲಾ ಬಾಗಿಲೂ ಮುಚ್ಚಿದರೆ ಅವನಿಗೆ ಉಳಿಯೋದು ಹಳೇ ದಾರಿ ಒಂದೇ.

ಬೆಂಗಳೂರು ಕಟ್ಟಿದ ಕೆಂಪೇಗೌಡರನ್ನೂ ಸ್ವಂತ ನಾಣ್ಯ ಹೊರಡಿಸಿದ ಕಾರಣಕ್ಕೆ ವಿಜಯನಗರದ ಅರಸರು ಆನೆಗೊಂದಿಯಲ್ಲಿ ಸೆರೆ ಇಟ್ಟಿದ್ದರು. ಬಿಡುಗಡೆಯಾಗಿ ಬಂದ ಮೇಲೆ ಅವರ ಸೀಮೆ ಅವರಿಗೆ ವಾಪಸ್ ಸಿಕ್ಕಿತು. ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿರುವ ಅವರ ಸಮಾಧಿಗೆ ಜನ ಇವತ್ತಿಗೂ ಕೈ ಮುಗಿಯುತ್ತಾರೆ.

ವಿಧಾನಸೌಧದ ಕೆಂಗಲ್ ಗೇಟಿನ ಹತ್ತಿರ ಹನುಮಂತಯ್ಯನವರ ಪ್ರತಿಮೆ ಇದೆ. ಕೆಲಸ ಇದ್ದು ಅಲ್ಲಿಗೆ ಹೋದವರು ಪ್ರತಿಮೆ ನೋಡಿದ ಮೇಲೆ ಒಂದು ಸಲ ಹಿಂದಿನ ಗೋಡೆ ಕಡೆಗೂ ಕಣ್ಣು ಹಾಯಿಸಬಹುದು. ಕಟ್ಟಿಸಿದವರಿಗೆ ಪ್ರತಿಮೆ ಇದೆ. ಹೊತ್ತವರಿಗೆ ಆ ಕಲ್ಲುಗಳೇ ಗುರುತು.