ಭೂಮಿ ಸೂರ್ಯನಿಂದ ದೂರ ಹೋದರೆ ಜ್ವರ ಬರುತ್ತದೆಯೇ? ಉತ್ತರ ಕೆಪ್ಲರ್ ಬದುಕಿನಲ್ಲಿದೆ

ಭೂಮಿ ಸೂರ್ಯನಿಂದ ದೂರ ಸರಿಯುತ್ತಿದೆ, ಚಳಿ ಹೆಚ್ಚಲಿದೆ, ಕೆಮ್ಮು-ಜ್ವರ ಬರಲಿದೆ, ಎಚ್ಚರ ಎನ್ನುವ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ದೂರ ಸರಿಯುವುದು ನಿಜ, ಜ್ವರದ ಮಾತು ಸುಳ್ಳು. ಇದು ಅರ್ಥವಾಗಬೇಕಾದರೆ ಯೊಹಾನೆಸ್ ಕೆಪ್ಲರ್ ಅವರ ಕಥೆ ತಿಳಿಯಬೇಕು.

ಕೆಪ್ಲರ್ ಹುಟ್ಟಿದ್ದು 1571ರ ಡಿಸೆಂಬರ್ 27ರಂದು, ಜರ್ಮನಿಯ ವೈಲ್ ಡೆರ್ ಶ್ಟಾಟ್ ಎಂಬ ಪುಟ್ಟ ಊರಿನಲ್ಲಿ. ಬಾಲ್ಯದಲ್ಲಿ ಸಿಡುಬು ಬಂದು ದೃಷ್ಟಿ ಮಂದವಾಯಿತು. ಕಣ್ಣು ಸರಿಯಿಲ್ಲದ ಈ ಹುಡುಗನೇ ಮುಂದೆ ಗ್ರಹಗಳ ದಾರಿ ಕಂಡುಹಿಡಿದದ್ದು!

1600ರಲ್ಲಿ ಅವರು ಪ್ರಾಗ್ ನಗರದ ಹತ್ತಿರ ಟೈಕೊ ಬ್ರಾಹೆ ಬಳಿ ಕೆಲಸಕ್ಕೆ ಸೇರಿದರು. ಟೈಕೊ ದೂರದರ್ಶಕವಿಲ್ಲದೆ, ಬರಿಗಣ್ಣಿನಿಂದಲೇ ವರ್ಷಗಟ್ಟಲೆ ಗ್ರಹಗಳ ಸ್ಥಾನ ಅಳೆದು ಬರೆದಿಟ್ಟಿದ್ದರು. ಕೆಪ್ಲರ್‌ಗೆ ಸಿಕ್ಕ ಕೆಲಸ ಮಂಗಳ ಗ್ರಹದ ಕಕ್ಷೆ ಲೆಕ್ಕ ಹಾಕುವುದು. 1601ರಲ್ಲಿ ಟೈಕೊ ತೀರಿಕೊಂಡರು, ಲೆಕ್ಕ ಮಾತ್ರ ಮುಗಿಯಲಿಲ್ಲ.

ಗ್ರಹಗಳ ದಾರಿ ವೃತ್ತದಿಂದಲೇ ಆಗಿರಬೇಕೆಂದು ಎರಡು ಸಾವಿರ ವರ್ಷಗಳಿಂದ ಪಂಡಿತರು ನಂಬಿದ್ದರು. ಕೆಪ್ಲರ್ ಅವರ ವೃತ್ತದ ಲೆಕ್ಕಕ್ಕೂ ಟೈಕೊ ಅಳತೆಗೂ ಬಂದ ವ್ಯತ್ಯಾಸ ಕೇವಲ 8 ಕೋನಮಿನಿಟು, ಅಂದರೆ ಹುಣ್ಣಿಮೆ ಚಂದ್ರನ ಅಗಲದ ಸುಮಾರು ಕಾಲು ಭಾಗ. ಬೇರೆಯವರಾಗಿದ್ದರೆ ಇಷ್ಟೇ ತಾನೆ ಎಂದು ಬಿಡುತ್ತಿದ್ದರೇನೋ. ಕೆಪ್ಲರ್ ಅಳತೆಯನ್ನು ನಂಬಿದರು, ವೃತ್ತವನ್ನು ಕೈಬಿಟ್ಟರು. ಮಂಗಳನ ದಾರಿ ದೀರ್ಘವೃತ್ತ, ಅದರ ಒಂದು ನಾಭಿಯಲ್ಲಿ ಸೂರ್ಯ ಎಂದು 1609ರ ಪುಸ್ತಕದಲ್ಲಿ ಪ್ರಕಟಿಸಿದರು.

ಇದನ್ನು ನಾವೇ ಬಿಡಿಸಿ ನೋಡಬಹುದು. ರಟ್ಟಿನ ಮೇಲೆ ಹಾಳೆ ಇಟ್ಟು 1.9 ಸೆಂ.ಮೀ. ಅಂತರದಲ್ಲಿ ಎರಡು ಗುಂಡುಸೂಜಿ ಚುಚ್ಚಿ. ಸುಮಾರು 22 ಸೆಂ.ಮೀ. ಸುತ್ತಳತೆ ಬರುವಂತೆ ದಾರಕ್ಕೆ ಗಂಟು ಹಾಕಿ, ಎರಡೂ ಸೂಜಿಗಳನ್ನು ಬಳಸುವಂತೆ ಹಾಕಿ. ಪೆನ್ಸಿಲ್ ತುದಿಯಿಂದ ದಾರವನ್ನು ಬಿಗಿಯಾಗಿ ಹಿಡಿದು ಒಂದು ಸುತ್ತು ತಿರುಗಿಸಿ. ಪೆನ್ಸಿಲ್ ಎಲ್ಲೇ ಇರಲಿ, ಎರಡು ಸೂಜಿಗಳಿಂದ ಅದಕ್ಕಿರುವ ದೂರಗಳ ಮೊತ್ತ ಬದಲಾಗುವುದಿಲ್ಲ. ಅದೇ ದೀರ್ಘವೃತ್ತ, ಸೂಜಿಗಳೇ ನಾಭಿಗಳು. ನೀವು ಬಿಡಿಸಿದ್ದು ಹೆಚ್ಚುಕಡಿಮೆ ಮಂಗಳನ ಕಕ್ಷೆಯ ಆಕಾರ. 20 ಸೆಂ.ಮೀ. ಉದ್ದದ ಈ ಚಿತ್ರದ ಅಗಲ ಉದ್ದಕ್ಕಿಂತ 1 ಮಿ.ಮೀ.ನಷ್ಟೂ ಕಡಿಮೆಯಿಲ್ಲ! ಕೆಪ್ಲರ್ ಹಿಡಿದದ್ದು ಇಷ್ಟು ಸಣ್ಣ ವ್ಯತ್ಯಾಸವನ್ನು.

ಇದೇ ಅಳತೆಯಲ್ಲಿ ಭೂಮಿಯ ಕಕ್ಷೆ ಬಿಡಿಸಿದರೆ ಸೂಜಿಗಳ ನಡುವೆ 3 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಅಂತರ ಸಾಕು. ಜನವರಿ ಆರಂಭದಲ್ಲಿ ಭೂಮಿ ಸೂರ್ಯನಿಂದ ಸುಮಾರು 14.7 ಕೋಟಿ ಕಿ.ಮೀ., ಜುಲೈ ಆರಂಭದಲ್ಲಿ 15.2 ಕೋಟಿ ಕಿ.ಮೀ. ದೂರದಲ್ಲಿರುತ್ತದೆ. ಇದು ಪ್ರತಿ ವರ್ಷ ನಡೆಯುವ ಸಂಗತಿ. ಹತ್ತಿರವಿರುವ ಜನವರಿಯಲ್ಲೇ ನಮಗೆ ಚಳಿ! ಋತುಗಳಿಗೆ ಕಾರಣ ದೂರವಲ್ಲ, ಭೂಮಿಯ ಅಕ್ಷದ 23.5 ಡಿಗ್ರಿ ಓರೆ. ಕೆಮ್ಮು-ಜ್ವರಕ್ಕೆ ಕಾರಣ ವೈರಾಣುಗಳಂಥ ಸೋಂಕು, ಕಕ್ಷೆಯಲ್ಲ.

ಗಾಳಿಸುದ್ದಿಯ ಬಿಸಿ ಕೆಪ್ಲರ್ ಮನೆಗೂ ತಟ್ಟಿತ್ತು. ಅವರ ತಾಯಿ ಕತರೀನಾ ಕೊಟ್ಟ ಪಾನೀಯ ಕುಡಿದು ಕಾಯಿಲೆ ಬಿದ್ದೆನೆಂದು ಊರಿನ ಹೆಂಗಸೊಬ್ಬಳು ದೂರಿದಳು. ಬಾಯಿಂದ ಬಾಯಿಗೆ ಹಬ್ಬಿದ ಮಾತು ಮಾಟಗಾತಿ ಎಂಬ ಆರೋಪವಾಗಿ ಬೆಳೆಯಿತು. 1620ರಲ್ಲಿ, 70 ದಾಟಿದ್ದ ಆ ಮುದುಕಿಯನ್ನು ಬಂಧಿಸಿ ಸರಪಳಿ ಹಾಕಿದರು. ಕೆಪ್ಲರ್ ತಮ್ಮ ಕೆಲಸ ಬದಿಗಿಟ್ಟು ಬಂದು ವಾದ ಸಿದ್ಧಪಡಿಸಿದರು; ಆ ಕಾಯಿಲೆಗಳಿಗೆ ಸಹಜ ಕಾರಣಗಳಿವೆ ಎಂದು ತೋರಿಸಿದರು. ಚಿತ್ರಹಿಂಸೆಯ ಸಾಧನಗಳನ್ನು ಮುಂದಿಟ್ಟರೂ ತಾಯಿ ತಪ್ಪೊಪ್ಪಿಕೊಳ್ಳಲಿಲ್ಲ. 14 ತಿಂಗಳ ಸೆರೆವಾಸದ ನಂತರ ಬಿಡುಗಡೆಯಾಯಿತು. ಆದರೆ ಮರುವರ್ಷವೇ ಆಕೆ ತೀರಿಕೊಂಡರು.

ಕೆಪ್ಲರ್ 1630ರ ನವೆಂಬರ್ 15ರಂದು ರೇಗೆನ್ಸ್‌ಬುರ್ಗ್‌ನಲ್ಲಿ ನಿಧನರಾದರು. ಯುದ್ಧದಲ್ಲಿ ಅವರ ಸಮಾಧಿಯೂ ಅಳಿದುಹೋಯಿತು. ಅವರ ದೀರ್ಘವೃತ್ತ ಇಂದಿಗೂ ಉಪಗ್ರಹಗಳ ಲೆಕ್ಕದಲ್ಲಿದೆ.

ಮುಂದಿನ ಬಾರಿ ಆ ಸಂದೇಶ ಬಂದಾಗ ಫಾರ್ವರ್ಡ್ ಮಾಡಬೇಡಿ. ಮನೆಯ ಮಕ್ಕಳನ್ನು ಕೂರಿಸಿಕೊಂಡು ಎರಡು ಸೂಜಿ, ಒಂದು ದಾರ ತೆಗೆದುಕೊಳ್ಳಿ.