ಅಳತೆಯನ್ನರಿತ ರಸಾಯನಜ್ಞ: ತ್ರಿಭುವನದಾಸ ಗಜ್ಜರ್

ತಾಪಿ ನದಿಯು ಹಜೀರಾದ ಬಳಿ ಸಮುದ್ರವನ್ನು ಸೇರುವುದಕ್ಕೆ ಮುನ್ನ ತನ್ನ ದಡದಲ್ಲಿ ಸೂರತ್ತು ಪಟ್ಟಣವನ್ನು ಪೋಷಿಸಿದೆ. ರೇಷ್ಮೆ, ಜರಿ, ಬಣ್ಣದ ಬಟ್ಟೆ ಇವುಗಳಿಗೆ ಈ ಪಟ್ಟಣವು ಬಹು ಕಾಲದಿಂದ ಹೆಸರುವಾಸಿಯಾದುದು. ಇಂದು ಹಜೀರಾದ ಕಾರ್ಖಾನೆಗಳಲ್ಲಿ ನಾನಾ ದ್ರವಗಳು ಕೊಳವೆಗಳಲ್ಲಿ ಹರಿಯುತ್ತಿವೆ. ಅವುಗಳ ಪ್ರಮಾಣವನ್ನು ಯಂತ್ರಗಳು ಅಳೆಯುತ್ತಿವೆ. ಕನ್ನಡದಲ್ಲಿ ವಿಜ್ಞಾನವನ್ನು ಓದಿದವರಿಗೆ ಇಂತಹ ಕಡೆ ಎಡೆಯುಂಟೆ ಎಂದು ನಮ್ಮನ್ನು ಕೇಳುವ ವಿದ್ಯಾರ್ಥಿಗಳುಂಟು. ಅವರಿಗೆ ಉತ್ತರವಾಗಿ ಇದೇ ಸೂರತ್ತಿನಲ್ಲಿ ಹುಟ್ಟಿದ ಒಬ್ಬ ಮಹನೀಯರ ಚರಿತ್ರೆಯನ್ನು ಹೇಳುವೆವು.

ತ್ರಿಭುವನದಾಸ ಕಲ್ಯಾಣದಾಸ ಗಜ್ಜರರು 1863ರಲ್ಲಿ ಸೂರತ್ತಿನಲ್ಲಿ ಜನಿಸಿದರು. ಗಜ್ಜರ್ ಎಂಬುದು ಗುಜರಾತಿನ ಬಡಗಿಗಳ ಮನೆತನಗಳಲ್ಲಿ ರೂಢಿಯಾದ ಹೆಸರು. ಮರಗೆಲಸದಲ್ಲಿ ಅಳತೆಯು ಒಂದು ಎಳೆಯಷ್ಟು ತಪ್ಪಿದರೂ ಬಾಗಿಲು ಚೌಕಟ್ಟಿಗೆ ಕೂಡದು. ಮರವನ್ನು ಅಳೆದು ಬಾಳಿದ ಕುಲದಲ್ಲಿ ಹುಟ್ಟಿದ ಈ ಬಾಲಕನು ಮುಂದೆ ದ್ರವಗಳನ್ನು ಅಳೆಯುವ ವಿದ್ಯೆಯಲ್ಲಿ ನಿಪುಣನಾದನು. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ವಿಜ್ಞಾನವನ್ನು ವ್ಯಾಸಂಗ ಮಾಡಿ, ಬಳಿಕ ಬರೋಡೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕ ಪದವಿಯನ್ನು ಪಡೆದರು.

ಆ ಕಾಲದಲ್ಲಿ ಜರ್ಮನಿಯ ಕೃತಕ ಬಣ್ಣಗಳು ನಮ್ಮ ದೇಶದ ಪೇಟೆಗಳನ್ನು ತುಂಬತೊಡಗಿದ್ದವು. ನಮ್ಮ ಬಣ್ಣಗಾರರು ನೀಲಿ, ಮಂಜಿಷ್ಠೆ ಮೊದಲಾದುವನ್ನು ಕೈಯಂದಾಜಿನಿಂದ ಬಳಸಿ ಬಲ್ಲವರು. ಹೊಸ ಬಣ್ಣಗಳಿಗೆ ಆ ಅಂದಾಜು ಸಾಲದಾಯಿತು. ಚಿಟಿಕೆ ಹೆಚ್ಚಾದರೆ ಬಟ್ಟೆ ಕಪ್ಪಿಡುವುದು, ಕಡಮೆಯಾದರೆ ಮಂಕಾಗುವುದು. ಈ ಕಷ್ಟವನ್ನು ಕಂಡ ಗಜ್ಜರರು ಬಣ್ಣ ಹಾಕುವ ಕಲೆಯನ್ನು ಲೆಕ್ಕದ ಮೇಲೆ ನಿಲ್ಲಿಸಬೇಕೆಂದು ಬಗೆದರು.

ಆ ಲೆಕ್ಕವನ್ನು ನಮ್ಮ ವಿದ್ಯಾರ್ಥಿಗಳೂ ಮಾಡಬಲ್ಲರು. 10 ಗ್ರಾಂ ತೂಕದ ನೂಲಿಗೆ ಶೇಕಡಾ 2ರಂತೆ ಬಣ್ಣ ಬೇಕೆಂದಿಟ್ಟುಕೊಳ್ಳೋಣ. ಬೇಕಾದುದು 0.2 ಗ್ರಾಂ. ಇಷ್ಟು ಅಲ್ಪವನ್ನು ಸಾಮಾನ್ಯ ತಕ್ಕಡಿಯಲ್ಲಿ ನಿಖರವಾಗಿ ತೂಗುವುದು ಕಷ್ಟ. ಆದುದರಿಂದ 10 ಗ್ರಾಂ ಬಣ್ಣವನ್ನು ನೀರಿನಲ್ಲಿ ಕರಗಿಸಿ, ಒಟ್ಟು 1 ಲೀಟರ್ ಆಗುವಂತೆ ಮಾಡಿಟ್ಟುಕೊಳ್ಳುವರು. ಅದರ 20 ಮಿಲಿಲೀಟರಿನಲ್ಲಿ ಸರಿಯಾಗಿ 0.2 ಗ್ರಾಂ ಬಣ್ಣವಿರುವುದು. ತಕ್ಕಡಿಗೆ ನಿಲುಕದುದನ್ನು ಪಿಪೆಟ್ಟು ಸುಲಭವಾಗಿ ಕೊಡುವುದು. ಆದರೆ ಕಣ್ಣನ್ನು ಗೆರೆಯ ಸಮಕ್ಕೆ ತಂದು, ದ್ರವದ ಮೇಲ್ಮೈ ನಡುವೆ ತಗ್ಗಿರುವಲ್ಲಿಯೇ ಓದಬೇಕು. ಅಂಚಿನಲ್ಲಿ ಏರಿದುದನ್ನು ಓದಿದರೆ ಅಳತೆ ತಪ್ಪುವುದು.

1890ರಲ್ಲಿ ಮಹಾರಾಜ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ಬರೋಡೆಯಲ್ಲಿ ಕಲಾಭವನವು ಸ್ಥಾಪಿತವಾಯಿತು. ಅದರ ಪ್ರಾಣವಾಗಿದ್ದವರು ಗಜ್ಜರರೇ. ಬಣ್ಣಗಾರಿಕೆ, ರಸಾಯನ ಮೊದಲಾದ ವಿದ್ಯೆಗಳನ್ನು ಅಲ್ಲಿ ದೇಶಭಾಷೆಯಲ್ಲಿ ಕಲಿಸುವಂತೆ ಅವರು ಏರ್ಪಡಿಸಿದರು. ಬಡಗಿಯ ಮಗ, ನೇಕಾರನ ಮಗ, ಬಣ್ಣಗಾರನ ಮಗ ಇವರಿಗೆ ಇಂಗ್ಲಿಷು ಬಾರದೆಂಬ ಕಾರಣದಿಂದ ವಿದ್ಯೆಯ ಬಾಗಿಲು ಮುಚ್ಚಬಾರದೆಂಬುದು ಅವರ ನಿಲುವಾಗಿದ್ದಿತು. ದೇಶಭಾಷೆಯಲ್ಲಿ ವೈಜ್ಞಾನಿಕ ಗ್ರಂಥಗಳನ್ನು ಬರೆಸುವ ಕಾರ್ಯಕ್ಕೂ ಅವರು ಕೈಹಾಕಿದರು. ಮುಂದೆ ಚಲನಚಿತ್ರದ ಪಿತಾಮಹರೆನಿಸಿದ ದಾದಾಸಾಹೇಬ ಫಾಲ್ಕೆಯವರು ಈ ಕಲಾಭವನದಲ್ಲಿ ಕಲಿತವರೇ. 1949ರಲ್ಲಿ ಸ್ಥಾಪಿತವಾದ ಬರೋಡೆಯ ವಿಶ್ವವಿದ್ಯಾನಿಲಯದಲ್ಲಿ ಈ ಸಂಸ್ಥೆಯು ಸೇರಿಹೋಗಿ ಇಂದಿಗೂ ಬಾಳುತ್ತಿದೆ.

ಅನಂತರ ಗಜ್ಜರರು ಮುಂಬಯಿಯ ವಿಲ್ಸನ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಅಲ್ಲಿ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆಗೆ 1896ರಲ್ಲಿ ಚಾಪೇಕರ್ ಸೋದರರು ಡಾಂಬರನ್ನು ಬಳಿದಿದ್ದರು. ಆ ಕಲೆಯನ್ನು ತೆಗೆಯಲು ಹಲವರು ಯತ್ನಿಸಿ ಸೋತಿದ್ದರು. ಅಮೃತಶಿಲೆಯೆಂಬುದು ಸುಣ್ಣದ ಜಾತಿಯ ಕಲ್ಲು. ಆಮ್ಲವು ಸೋಕಿದರೆ ಕಲೆಗಿಂತ ಮೊದಲು ಕಲ್ಲೇ ಕರಗುವುದು. 1898ರಲ್ಲಿ ಗಜ್ಜರರು ಶಿಲೆಗೆ ಕೇಡಾಗದಂತೆ ಅದನ್ನು ಶುದ್ಧಗೊಳಿಸಿ ಖ್ಯಾತರಾದರು. ಮುತ್ತು ಕೂಡ ಅದೇ ಜಾತಿಯ ವಸ್ತುವಾದುದರಿಂದ, ಬಣ್ಣಗೆಟ್ಟ ಹಳೆಯ ಮುತ್ತುಗಳನ್ನು ಬೆಳಗಿಸುವ ವಿಧಾನವನ್ನೂ ಅವರು ಕಂಡುಹಿಡಿದು ಧನವನ್ನು ಗಳಿಸಿದರು. ಸ್ವಂತ ಪ್ರಯೋಗಶಾಲೆಯನ್ನು ತೆರೆದು ಶಿಷ್ಯರಿಗೆ ಕಲಿಸಿದರು.

ಆ ವರ್ಷಗಳಲ್ಲಿಯೇ ಮುಂಬಯಿಯನ್ನು ಪ್ಲೇಗು ಕಾಡುತ್ತಿದ್ದಿತು. 1898ರಲ್ಲಿ ಅದು ಬೆಂಗಳೂರಿಗೂ ತಗಲಿತು. ಗಜ್ಜರರು ಅಯೋಡೀನ್ ಟ್ರೈಕ್ಲೋರೈಡಿನ ದ್ರಾವಣವನ್ನು ಚಿಕಿತ್ಸೆಗಾಗಿ ಸೂಚಿಸಿದರು. ಇದು ಪ್ರಬಲವಾಗಿದ್ದರೆ ಮೈಯನ್ನೇ ಸುಡುವ ವಸ್ತು. ನೀರಿನಲ್ಲಿ ಬಹಳ ತೆಳುಗೊಳಿಸಿದಾಗ ಮಾತ್ರ ರೋಗಿಗೆ ಕೊಡಬಹುದಾದುದು. ಪ್ಲೇಗಿಗೆ ನಿಜವಾದ ಮದ್ದು ದೊರೆತುದು 1940ರ ದಶಕದ ಪ್ರತಿಜೀವಕಗಳಿಂದ. 1994ರಲ್ಲಿ ಸೂರತ್ತಿನಲ್ಲಿ ಪ್ಲೇಗು ಕಾಣಿಸಿದಾಗ ಕಾಪಾಡಿದುವು ಅವೇ. ಆದರೂ ಮದ್ದಿಲ್ಲದ ದಿನಗಳಲ್ಲಿ ಕೈಕಟ್ಟಿ ಕುಳಿತುಕೊಳ್ಳದ ಆ ಪ್ರಯತ್ನವು ಸ್ಮರಣಾರ್ಹವಾದುದು.

1907ರಲ್ಲಿ ಗಜ್ಜರರ ಮಾರ್ಗದರ್ಶನದಲ್ಲಿ ಶಿಷ್ಯರಾದ ಕೋಟಿಭಾಸ್ಕರ್ ಮತ್ತು ಭಾಯಿಲಾಲ್ ಅಮೀನರು ಅಲೆಂಬಿಕ್ ಎಂಬ ಔಷಧ ಕಾರ್ಖಾನೆಯನ್ನು ಆರಂಭಿಸಿದರು. ಬಟ್ಟಿಯಿಳಿಸುವ ಪಾತ್ರೆಗೆ ಅಲೆಂಬಿಕ್ ಎಂದು ಹೆಸರು. ಮದ್ಯಸಾರವನ್ನೂ ಟಿಂಕ್ಚರುಗಳನ್ನೂ ತಯಾರಿಸುವುದೇ ಅದರ ಮೊದಲ ಕೆಲಸ. ಇಲ್ಲಿಯೂ ತೆಳುಗೊಳಿಸುವ ಲೆಕ್ಕವೇ ಮುಖ್ಯ. ಶೇಕಡಾ 90ರ ಮದ್ಯಸಾರ 100 ಮಿಲಿಲೀಟರ್ ಇದೆ. ಶೇಕಡಾ 60ರದು ಬೇಕು. 100ನ್ನು 90ರಿಂದ ಗುಣಿಸಿ 60ರಿಂದ ಭಾಗಿಸಿದರೆ 150 ಬರುವುದು. ಹಾಗಾದರೆ 50 ಮಿಲಿಲೀಟರ್ ನೀರು ಸಾಕೆಂದು ತೋರುವುದಲ್ಲವೆ? ಸಾಲದು. ಮದ್ಯಸಾರವೂ ನೀರೂ ಬೆರೆತಾಗ ಗಾತ್ರವು ಕುಗ್ಗುವುದು. ಒಂದೊಂದು 50 ಮಿಲಿಲೀಟರ್ ಬೆರೆಸಿದರೆ ನೂರಾಗದೆ ಸುಮಾರು 97 ಮಾತ್ರ ಆಗುವುದು. ಆದುದರಿಂದ ನೀರನ್ನು ಅಳೆದು ಸುರಿಯದೆ, ಬೆರಕೆಯೇ 150ರ ಗೆರೆಯನ್ನು ಮುಟ್ಟುವವರೆಗೆ ನೀರನ್ನು ಸೇರಿಸಬೇಕು. ಲೆಕ್ಕವನ್ನು ಬಲ್ಲವನು ಪದಾರ್ಥದ ಗುಣವನ್ನೂ ಬಲ್ಲವನಾಗಿರಬೇಕೆಂಬುದು ಇದರಿಂದ ವಿದಿತವಾಗುವುದು.

ಗಜ್ಜರರು 1920ರಲ್ಲಿ ದೈವಾಧೀನರಾದರು. ಅವರು ಬಿಟ್ಟುಹೋದ ಸಂಪತ್ತೆಂದರೆ ಶಿಷ್ಯರು, ಸಂಸ್ಥೆಗಳು ಮತ್ತು ಒಂದು ನಂಬಿಕೆ: ತಾಯ್ನುಡಿಯಲ್ಲಿ ಕಲಿತವನ ಅಳತೆಯು ಪರಭಾಷೆಯಲ್ಲಿ ಕಲಿತವನ ಅಳತೆಗಿಂತ ಕಿರಿದಲ್ಲ. ಪಾವು, ಸೇರು, ಕೊಳಗಗಳಿಂದ ಧಾನ್ಯವನ್ನು ಚೆನ್ನಾಗಿ ಅಳೆದ ಜನರು ನಾವು. ಮಿಲಿಲೀಟರನ್ನು ಅಳೆಯುವುದಕ್ಕೆ ನಮ್ಮ ನುಡಿಯು ಅಡ್ಡಿಯಾಗದು. ಹಜೀರಾದ ಕಾರ್ಖಾನೆಗಳ ಪ್ರಯೋಗಶಾಲೆಯಲ್ಲಿ ಬ್ಯೂರೆಟ್ಟು ಹಿಡಿಯುವ ಕೈ ನೋಡುವುದು ಗೆರೆಯನ್ನೇ ಹೊರತು ಭಾಷೆಯನ್ನಲ್ಲ. ಇಂಗ್ಲಿಷಿನ ಪದಗಳನ್ನು ಮುಂದೆ ಕಲಿಯಬಹುದು, ಕಲಿಯಲೂ ಬೇಕು. ಆದರೆ ವಿಷಯವನ್ನು ಇಂದೇ ಕನ್ನಡದಲ್ಲಿ ತಿಳಿದುಕೊಳ್ಳಿರಿ. ನೆಟ್ಟಗೆ ನಿಂತು, ಗೆರೆಯನ್ನು ಸರಿಯಾಗಿ ನೋಡಿ, ಕಂಡುದನ್ನೇ ಬರೆಯುವ ಅಭ್ಯಾಸವು ನಿಮ್ಮಲ್ಲಿ ಬೆಳೆಯಲೆಂದು ಹಾರೈಸುವೆವು.